‘ಕ್ವಾತ್ರೊ’ ಎನ್ನಲು ಗೊಂಬೆ ಎಷ್ಟು ಸಲ ಬಾಯಿ ತೆರೆಯಬೇಕು?

(ಚಿಕ್ಕ ಮಕ್ಕಳಿಗಾಗಿ ಗೊಂಬೆ ಕಾರ್ಯಕ್ರಮ ಮಾಡುವವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸ್ಪ್ಯಾನಿಷಿನಲ್ಲಿ ಒಂದರಿಂದ ಹತ್ತರವರೆಗೆ ಎಣಿಸುವುದು ಹೀಗೆ: ಊನೊ, ದೋಸ್, ತ್ರೇಸ್, ಕ್ವಾತ್ರೊ, ಸಿಂಕೊ, ಸೇಯ್ಸ್, ಸ್ಯೇತೆ, ಓಚೊ, ನ್ವೇವೆ, ದ್ಯೇಸ್. ಉಚ್ಚಾರಾಂಶ ಲೆಕ್ಕ ಹಾಕಿದರೆ 16. ಅದನ್ನೇ ಇಂಗ್ಲಿಷಿನಲ್ಲಿ ಹೇಳಿ. ‘ಸೆವೆನ್’ಗೆ ಎರಡು, ಉಳಿದವಕ್ಕೆ ಒಂದೊಂದು, ಒಟ್ಟು 11. ನ್ಯೂಯಾರ್ಕಿನಲ್ಲಿ ಒಂದು ಕೈಗೊಂಬೆ ಹತ್ತರವರೆಗೆ ಎಣಿಸಿ 11 ಸಲ ಬಾಯಿ ತೆರೆದಿದೆ. ಆ ಚಿತ್ರಕ್ಕೆ ಮೆಕ್ಸಿಕೋದಲ್ಲಿ ಸ್ಪ್ಯಾನಿಷ್ ದನಿ ಹಚ್ಚಬೇಕು. ಹೆಚ್ಚಾಗಿ ಬಂದ ಐದು ಉಚ್ಚಾರಾಂಶಗಳನ್ನು ಎಲ್ಲಿ ಇಡುತ್ತೀರಿ? ಮುಚ್ಚಿದ ಬಾಯಿಂದ ಮಾತು ಹೊರಟರೆ ದೊಡ್ಡವರು ಸಹಿಸಿಕೊಂಡಾರು. ನಾಲ್ಕು ವರ್ಷದ ಮಗು ಮಾತ್ರ ಎಣಿಕೆ ಕಲಿಯುವುದೇ ಆ ಬಾಯಿ ನೋಡಿಕೊಂಡು.

ಇವತ್ತಿನ ವಿಷಯ ‘ಪ್ಲಾಸಾ ಸೇಸಮೊ’. ಅಮೆರಿಕದಲ್ಲಿ ಚಿಕ್ಕ ಮಕ್ಕಳಿಗೆ ಗೊಂಬೆಗಳಿಂದ ಅಕ್ಷರ, ಎಣಿಕೆ ಕಲಿಸುವ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಶುರುವಾದದ್ದು 1969ರ ನವೆಂಬರ್ 10ರಂದು. ಮೂರು ವರ್ಷದ ನಂತರ, 1972ರಲ್ಲಿ, ಮೆಕ್ಸಿಕೋದಲ್ಲಿ ಅದರ ಸ್ಪ್ಯಾನಿಷ್ ರೂಪ ಬಂತು: ಅರ್ಧ ಗಂಟೆಯ 130 ಕಂತುಗಳು. ಅದು ಮೆಕ್ಸಿಕೋ ಒಂದಕ್ಕೇ ಮಾಡಿದ್ದಲ್ಲ, ಸ್ಪ್ಯಾನಿಷ್ ಮಾತಾಡುವ ಇಡೀ ಲ್ಯಾಟಿನ್ ಅಮೆರಿಕಕ್ಕೆ ಮಾಡಿದ್ದು. ಸ್ಪೇನ್ ದೇಶ ಬೇರೆ ದಾರಿ ಹಿಡಿಯಿತು; ಅಲ್ಲಿ 1979ರಿಂದ ‘ಬಾರ್ರಿಯೊ ಸೇಸಮೊ’. ಒಂದೇ ಭಾಷೆಗೆ ಎರಡು ಕಾರ್ಯಕ್ರಮ ಯಾಕೆ ಬೇಕಾಯಿತು ಅನ್ನುವುದು ಮುಂದೆ ಅಕ್ಷರಗಳ ಮಾತು ಬಂದಾಗ ತಾನಾಗಿ ಗೊತ್ತಾಗುತ್ತದೆ.

ಮೊದಲು ಹೆಸರು. ಅಮೆರಿಕದವರ ‘ಸ್ಟ್ರೀಟ್’ ಮೆಕ್ಸಿಕೋದಲ್ಲಿ ‘ಪ್ಲಾಸಾ’ ಆಯಿತು. ಪ್ಲಾಸಾ ಅಂದರೆ ಊರ ನಡುವಿನ ಚೌಕ; ಒಂದು ಬದಿಗೆ ಇಗರ್ಜಿ, ಇನ್ನೊಂದು ಬದಿಗೆ ಪುರಸಭೆ, ನಡುವೆ ಕಲ್ಲುಬೆಂಚು, ಸಂಜೆ ಜನ. ಲ್ಯಾಟಿನ್ ಅಮೆರಿಕದ ಸಣ್ಣ ಊರಲ್ಲಿ ಮಗು ನೆರೆಯವರನ್ನು ಕಾಣುವುದು ಅಲ್ಲಿಯೇ. ಸ್ಪೇನಿನವರು ‘ಬಾರ್ರಿಯೊ’ ಅಂದರು, ಅಂದರೆ ನಮ್ಮ ಕೇರಿ, ಬಡಾವಣೆ. ಹೆಸರು ಬದಲಾದರೆ ರಂಗಸಜ್ಜೂ ಬದಲಾಗಲೇಬೇಕು. ನ್ಯೂಯಾರ್ಕಿನ ಕಂದು ಕಲ್ಲಿನ ಮನೆ, ಅದರ ಮುಂದಿನ ಮೆಟ್ಟಿಲು, ಕಸದ ಡಬ್ಬಿ ಇವು ಪ್ಲಾಸಾದಲ್ಲಿ ಹೊಂದುವುದಿಲ್ಲ.

ಗೊಂಬೆಗಳ ಹೆಸರೂ ಅಷ್ಟೆ. ಅಮೆರಿಕದ ನೀಲಿ ಗೊಂಬೆ ಗ್ರೋವರ್ ಮೆಕ್ಸಿಕೋದಲ್ಲಿ ಅರ್ಚಿಬಾಲ್ದೊ, ಸ್ಪೇನಿನಲ್ಲಿ ಕೋಕೊ. ಬರ್ಟ್ ಮತ್ತು ಅರ್ನಿ ಜೋಡಿ ಮೆಕ್ಸಿಕೋದಲ್ಲಿ ಬೇತೊ ಮತ್ತು ಎನ್ರೀಕೆ, ಸ್ಪೇನಿನಲ್ಲಿ ಬ್ಲಾಸ್ ಮತ್ತು ಏಪಿ. ಕರ್ಮಿಟ್ ಕಪ್ಪೆ ಇತ್ತ ರೆನೇ, ಅತ್ತ ಗುಸ್ತಾವೊ. ಇದರಲ್ಲೊಂದು ತಮಾಷೆಯಿದೆ. ಸ್ಪ್ಯಾನಿಷಿನಲ್ಲಿ ನಾಮಪದಗಳಿಗೆಲ್ಲ ಲಿಂಗ. ಕಪ್ಪೆ, ‘ರಾನ’, ಸ್ತ್ರೀಲಿಂಗ. ರೆನೇ ಗಂಡು. ಹೀಗಾಗಿ ಅವನನ್ನು ‘ಲಾ ರಾನ ರೆನೇ’ ಎಂದೇ ಕರೆಯಬೇಕು. ಲಿಂಗ ಹೊಂದಿಸುವುದನ್ನು ಮಗು ಕಲಿಯುತ್ತಿರುವ ಹೊತ್ತಿನಲ್ಲೇ ಅದರ ಪ್ರೀತಿಯ ಗೊಂಬೆ ಈ ಗೊಂದಲ ಹೊತ್ತು ಬರುತ್ತದೆ. ಮಕ್ಕಳೇನೂ ತಲೆಕೆಡಿಸಿಕೊಂಡ ಹಾಗಿಲ್ಲ. ಇನ್ನು ಅಲ್ಲಿಯೇ ಹುಟ್ಟಿದ ಗೊಂಬೆಗಳು: ದೊಡ್ಡ ಗಿಳಿ ಅಬೆಲಾರ್ದೊ, ಗುಲಾಬಿ ಬಣ್ಣದ ಲೋಲಾ, ಪಾಂಚೊ ಕೊಂತ್ರೇರಾಸ್. ಕೊಂತ್ರೇರಾಸ್ ಸಾಮಾನ್ಯ ಮನೆತನದ ಹೆಸರೂ ಹೌದು, ಆಡುಮಾತಿನಲ್ಲಿ ಎಲ್ಲದಕ್ಕೂ ‘ಅಲ್ಲ’ ಅನ್ನುವ ಆಸಾಮಿಯೂ ಹೌದು. ಬರಿಯ ಹೆಸರಿನಿಂದಲೇ ಪಾತ್ರದ ಸ್ವಭಾವ ಗೊತ್ತಾಗುವಂತೆ ಇಡುವುದು ಅನುವಾದದಲ್ಲಿ ಸಾಧ್ಯವಾಗುವ ಕೆಲಸವಲ್ಲ.

ಈಗ ನಿಜವಾದ ತೊಡಕಿಗೆ ಬರೋಣ: ಗೊಂಬೆ ಯಾವ ಊರಿನ ಸ್ಪ್ಯಾನಿಷ್ ಆಡಬೇಕು? ನಮ್ಮಲ್ಲೇ ನೋಡಿ, ಮೈಸೂರಿನ ಕಡಲೆಕಾಯಿ ಧಾರವಾಡದಲ್ಲಿ ಶೇಂಗಾ, ಮಂಗಳೂರಿನಲ್ಲಿ ನೆಲಕಡಲೆ. ಅಲ್ಲಿ ಇಂಥದು ಹೆಜ್ಜೆಹೆಜ್ಜೆಗೆ. ಬಸ್ಸಿಗೆ ಮೆಕ್ಸಿಕೋದಲ್ಲಿ ‘ಕಮ್ಯೋನ್’. ಬೇರೆ ಹಲವು ದೇಶಗಳಲ್ಲಿ ಅದೇ ಪದಕ್ಕೆ ಲಾರಿ ಎಂದರ್ಥ. ಕ್ಯೂಬಾ, ಪೋರ್ಟೊ ರಿಕೊಗಳಲ್ಲಿ ಬಸ್ಸಿಗೆ ‘ಗ್ವಾಗ್ವಾ’. ಚಿಲಿಯಲ್ಲಿ ಗ್ವಾಗ್ವಾ ಅಂದರೆ ಎಳೆಯ ಕೂಸು. ‘ಗ್ವಾಗ್ವಾ ಹತ್ತಿ ಅಜ್ಜಿಯ ಮನೆಗೆ ಹೋದೆ’ ಎಂದು ಗೊಂಬೆ ಹೇಳಿದರೆ ಚಿಲಿಯ ಮಗುವಿಗೆ ಏನು ಕಂಡೀತು ಊಹಿಸಿ. ಗಾಳಿಪಟ ಮೆಕ್ಸಿಕೋದಲ್ಲಿ ‘ಪಪಲೋತೆ’, ಕೊಲಂಬಿಯಾದಲ್ಲಿ ‘ಕೊಮೇತ’, ಅರ್ಜೆಂಟೀನಾದಲ್ಲಿ ‘ಬರ್ರಿಲೇತೆ’, ಚಿಲಿಯಲ್ಲಿ ‘ಬೊಲಂತೀನ್’. ಹುರುಳಿಕಾಯಿಯ ಒಣಬೀಜಕ್ಕೆ ‘ಫ್ರಿಹೋಲ್’, ‘ಪೊರೋತೊ’, ‘ಕರಓತ’, ‘ಅಬಿಚ್ವೇಲ’. ‘ಹಿಡಿದುಕೊ’ ಎನ್ನಲು ಸ್ಪೇನಿನವರು ದಿನವಿಡೀ ಬಳಸುವ ‘ಕೊಹೇರ್’ ಕ್ರಿಯಾಪದವಂತೂ ಮೆಕ್ಸಿಕೋ, ಅರ್ಜೆಂಟೀನಾಗಳಲ್ಲಿ ಮಕ್ಕಳ ಎದುರು ಆಡುವಂಥದ್ದೇ ಅಲ್ಲ.

ಇದಕ್ಕೆ ಕಂಡುಕೊಂಡ ಉಪಾಯವನ್ನು ‘ತಟಸ್ಥ ಸ್ಪ್ಯಾನಿಷ್’ ಅನ್ನುತ್ತಾರೆ. ಯಾವ ಊರಿನದೂ ಅಲ್ಲದ, ಎಲ್ಲರಿಗೂ ಅರ್ಥವಾಗುವ ಭಾಷೆ. ಕೇಳಲು ಚೆನ್ನ, ಬರೆಯಲು ಕೂತರೆ ಎಲ್ಲ ಪದವೂ ಜಾರಿಕೊಳ್ಳುತ್ತವೆ. ಅನುಭವಿ ಬರಹಗಾರರು ಮೊದಲು ಪಾಠದ ಪದವನ್ನೇ ಬದಲಿಸುತ್ತಾರೆ. ‘ಹತ್ತಿರ–ದೂರ’ ಕಲಿಸಬೇಕೆ? ಬಸ್ಸು ಬೇಡ, ಬಾಗಿಲು ತನ್ನಿ. ಬಾಗಿಲು ಎಲ್ಲ ದೇಶದಲ್ಲೂ ‘ಪುಯೆರ್ತ’. ಮನೆ ‘ಕಾಸ’, ಕೈ ‘ಮಾನೊ’, ಚೆಂಡು ಮಾತ್ರ ಹುಷಾರು, ಅದಕ್ಕೆ ‘ಪೆಲೋತ’, ‘ಬೋಲ’, ‘ಬಲೋನ್’ ಎಲ್ಲ ಇವೆ. ಪದ ಬಿಡಲಾಗದಿದ್ದರೆ ವಸ್ತುವನ್ನೇ ಗೊಂಬೆಯ ಕೈಗೆ ಕೊಡುತ್ತಾರೆ. ಮಗು ತನ್ನ ಮನೆಯ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ.

ಆಜ್ಞೆಯ ರೂಪ ಇನ್ನೊಂದು ಕಂಟಕ. ‘ನೀನು’ ಎನ್ನಲು ಮೆಕ್ಸಿಕೋ ‘ತೂ’ ಅಂದರೆ ಅರ್ಜೆಂಟೀನಾ ‘ಬೋಸ್’ ಅನ್ನುತ್ತದೆ. ‘ನೋಡು’ ಮೊದಲನೆಯದರಲ್ಲಿ ‘ಮೀರ’, ಎರಡನೆಯದರಲ್ಲಿ ‘ಮಿರಾ’. ಒತ್ತು ಕೊನೆಗೆ ಜಾರುತ್ತದೆ. ಗೊಂಬೆ ಪ್ರತಿ ವಾಕ್ಯದಲ್ಲೂ ಮಗುವಿಗೆ ಏನಾದರೂ ಮಾಡು ಅನ್ನುತ್ತಲೇ ಇರಬೇಕಾದ ಕಾರ್ಯಕ್ರಮದಲ್ಲಿ ಇದು ಸಣ್ಣ ಮಾತಲ್ಲ. ಇದಕ್ಕೂ ಭಾಷೆಯೊಳಗೇ ದಾರಿಯಿದೆ. ‘ಎಣಿಸು’ ಅನ್ನುವ ಬದಲು ‘ಬಾಮೋಸ್ ಆ ಕೊಂತಾರ್’, ಎಣಿಸೋಣ. ‘ನೋಡು’ ಅನ್ನುವ ಬದಲು ‘ಆ ಬೇರ್’, ನೋಡೋಣ. ‘ನಾವು’ ರೂಪ ಲ್ಯಾಟಿನ್ ಅಮೆರಿಕದಲ್ಲೆಲ್ಲ ಒಂದೇ. ಗೊಂಬೆ ಆಗ ಮೇಷ್ಟ್ರಾಗುವುದಿಲ್ಲ, ಜೊತೆಗಾರನಾಗುತ್ತದೆ. ವ್ಯಾಕರಣದ ಕಷ್ಟದಿಂದ ಹುಟ್ಟಿದ ಲಾಭ ಇದು.

ಇನ್ನು ಅಕ್ಷರ. ಅಮೆರಿಕದ ಸಂಗ್ರಹದಲ್ಲಿ ಅಕ್ಷರ ಕಲಿಸುವ ಚಿಕ್ಕ ಚಿತ್ರಗಳು ರಾಶಿ ಇದ್ದವು. ಅವನ್ನು ಹಾಗೇ ತಂದು ದನಿ ಬದಲಿಸಿದರೆ ಖರ್ಚು ಉಳಿಯುತ್ತದಲ್ಲ? ಉಳಿಯುವುದಿಲ್ಲ. ಎಚ್ ಅಕ್ಷರದ ಚಿತ್ರದಲ್ಲಿ ಹೌಸ್, ಹ್ಯಾಟ್ ಬರುತ್ತವೆ ಅನ್ನಿ. ಸ್ಪ್ಯಾನಿಷಿನಲ್ಲಿ ಮನೆ ‘ಕಾಸ’, ಟೋಪಿ ‘ಸೊಂಬ್ರೇರೊ’. ಅದಕ್ಕಿಂತ ಹೆಚ್ಚಾಗಿ, ಸ್ಪ್ಯಾನಿಷಿನ ಎಚ್‌ಗೆ ಸದ್ದೇ ಇಲ್ಲ. ಇರುವೆ ‘ಒರ್ಮೀಗ’, ಬರೆಯುವಾಗ ಮುಂದೆ ಒಂದು ಎಚ್ ಸುಮ್ಮನೆ ಕೂತಿರುತ್ತದೆ. ‘ಈ ಅಕ್ಷರದ ಸದ್ದು ಯಾವುದು?’ ಅನ್ನುವ ಚೌಕಟ್ಟಿಗೇ ಅದು ಒಗ್ಗದು. ಬಿ ಮತ್ತು ವಿ ಎರಡಕ್ಕೂ ಒಂದೇ ಸದ್ದು. ‘ಎನ್ಯೆ’ (ñ) ಎಂಬ ಅಕ್ಷರ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಹೊಸದಾಗಿಯೇ ಚಿತ್ರ ಮಾಡಬೇಕು.

ಎರಡು ಕಾರ್ಯಕ್ರಮ ಯಾಕೆ ಎಂದಿರಲ್ಲ, ಇದಕ್ಕೇ. ಬೂಟಿಗೆ ‘ಸಪಾತೊ’, ನೆಲಗಪ್ಪೆಗೆ ‘ಸಾಪೊ’. ಮೊದಲನೆಯದನ್ನು ಜೆಡ್‌ನಿಂದ ಬರೆಯುತ್ತಾರೆ, ಎರಡನೆಯದನ್ನು ಎಸ್‌ನಿಂದ. ಸ್ಪೇನಿನ ಬಹುಭಾಗದಲ್ಲಿ ಜೆಡ್‌ಗೆ ನಾಲಗೆ ಹಲ್ಲಿನ ನಡುವೆ ಬರುತ್ತದೆ, ‘ಥಪಾತೊ’ ಎಂಬಂತೆ ಕೇಳಿಸುತ್ತದೆ. ಎರಡೂ ಸದ್ದು ಬೇರೆ, ಪಾಠ ಸುಲಭ. ಲ್ಯಾಟಿನ್ ಅಮೆರಿಕದಲ್ಲಿ ಎರಡಕ್ಕೂ ‘ಸ’. ಮ್ಯಾಡ್ರಿಡ್ಡಿನ ಗೊಂಬೆ ಜೆಡ್ ಕಲಿಸಿದ ದೃಶ್ಯವನ್ನು ಮೆಕ್ಸಿಕೋದ ಮಗುವಿಗೆ ತೋರಿಸಿದರೆ ಅದಕ್ಕೆ ತನ್ನ ಬಾಯಿಯೇ ತಪ್ಪು ಅನ್ನಿಸುತ್ತದೆ. ಅಲ್ಲಿನ ಬರಹಗಾರರು ಜೆಡ್ ಅನ್ನು ಸದ್ದಿನಿಂದ ಕಲಿಸಲು ಹೋಗದೆ ಆಕಾರದಿಂದ ಕಲಿಸುವುದೇ ಸರಿ. ವರ್ಣಮಾಲೆಯ ಹಾಡು ಬರೆಯುವವರಿಗೆ ಇನ್ನೊಂದು ಎಚ್ಚರಿಕೆ: ‘ಚೆ’ (ch) ಮತ್ತು ‘ಎಲ್ಯೆ’ (ll) ಎಂಬ ಜೋಡಿ ಅಕ್ಷರಗಳನ್ನು ಮೊದಲು ಸ್ವತಂತ್ರ ಅಕ್ಷರಗಳೆಂದೇ ಎಣಿಸುತ್ತಿದ್ದರು. 1994ರಲ್ಲಿ ಭಾಷಾ ಅಕಾಡೆಮಿಗಳು ನಿಘಂಟಿನ ಕ್ರಮದಲ್ಲಿ ಅವಕ್ಕಿದ್ದ ಬೇರೆ ಜಾಗ ತೆಗೆದವು, 2010ರಲ್ಲಿ ವರ್ಣಮಾಲೆಯಿಂದಲೇ ತೆಗೆದವು; ಈಗ ಉಳಿದದ್ದು 27. ಅದಕ್ಕೂ ಹಿಂದಿನ ಹಾಡು ಇವತ್ತು ಮರುಪ್ರಸಾರಕ್ಕೆ ಒದಗದು.

ಸ್ಪ್ಯಾನಿಷಿಗೆ ಒಂದು ದೊಡ್ಡ ಅನುಕೂಲವೂ ಇದೆ, ಕನ್ನಡದವರಿಗೆ ಅದು ತಟ್ಟನೆ ಅರ್ಥವಾಗುತ್ತದೆ. ಅವರಿಗೆ ಐದೇ ಸ್ವರ, ಅ ಎ ಇ ಒ ಉ, ಒಂದೊಂದಕ್ಕೂ ಒಂದೇ ಸದ್ದು. ಶಾಲೆಗಳಲ್ಲಿ ‘ಮ ಮೆ ಮಿ ಮೊ ಮು’ ಎಂದು ಉರು ಹೊಡೆಸುವ ರೂಢಿ ಹಳೆಯದು. ಹೆಚ್ಚುಕಡಿಮೆ ನಮ್ಮ ಕಾಗುಣಿತವೇ. ‘ಮಿ ಮಮಾ ಮೆ ಮೀಮ’, ನನ್ನಮ್ಮ ನನ್ನನ್ನು ಮುದ್ದಿಸುತ್ತಾಳೆ, ಎಂಬುದು ಮೊದಲ ಪಾಠದ ಹೆಸರಾಂತ ವಾಕ್ಯ. ಒಂದೇ ವ್ಯಂಜನ, ಮೂರು ಸ್ವರ, ಪೂರ್ತಿ ಅರ್ಥ. ಇಂಗ್ಲಿಷಿನ ಚಿತ್ರ ಒಂದು ಅಕ್ಷರವನ್ನು ಒಂಟಿಯಾಗಿ ತೋರಿಸಿದರೆ ಸ್ಪ್ಯಾನಿಷಿನ ಚಿತ್ರ ವ್ಯಂಜನ ಒಂದು ಕಡೆಯಿಂದ, ಸ್ವರ ಇನ್ನೊಂದು ಕಡೆಯಿಂದ ಬಂದು ಡಿಕ್ಕಿ ಹೊಡೆದು ‘ಮ’ ಆಗುವುದನ್ನು ತೋರಿಸಬಹುದು. ಪರದೆಯ ಎಡಬಲದಲ್ಲಿ ನಿಂತ ಎರಡು ಗೊಂಬೆ ಇದಕ್ಕೆ ಸಾಕು. ಸಂಖ್ಯೆಯಲ್ಲಿ ಮಾತ್ರ ಒಂದು ಗುಂಡಿ ಇದೆ: 11ರಿಂದ 15ರವರೆಗೆ ಓನ್ಸೆ, ದೋಸೆ, ತ್ರೇಸೆ, ಕತೋರ್ಸೆ, ಕೀನ್ಸೆ. ಇವುಗಳೊಳಗೆ ಹತ್ತು ಕಾಣುವುದಿಲ್ಲ. 16ರಿಂದ ‘ಹತ್ತು ಮತ್ತು ಆರು’ ಎಂಬ ಜಾಡು ಸಿಗುತ್ತದೆ. ಹತ್ತರ ಪಾಠ ಮುಗಿದ ಕೂಡಲೇ ಇಪ್ಪತ್ತಕ್ಕೆ ಹಾರಿದರೆ ಮಗು ಬೀಳುವುದು ಈ ಐದರಲ್ಲಿಯೇ. (ಹನ್ನೆರಡಕ್ಕೆ ದೋಸೆ ಎಂದಾಗ ನೀವು ನಗುವುದು ಗೊತ್ತೇ ಇತ್ತು.)

ಇಷ್ಟೆಲ್ಲ ಮಾಡಿದ ಮೇಲೆ ಮಗು ನೋಡುತ್ತದೆಯೇ? ಅಮೆರಿಕದಲ್ಲಿ ‘ಸೆಸಮಿ ಸ್ಟ್ರೀಟ್’ನ ಸಂಶೋಧಕ ಎಡ್ವರ್ಡ್ ಪಾಮರ್ ಇದಕ್ಕೆ ಒಂದು ಸರಳ ಪರೀಕ್ಷೆ ಕಟ್ಟಿದ್ದರು. ಟಿವಿಯ ಪಕ್ಕ ಇನ್ನೊಂದು ಪರದೆ. ಅದರ ಮೇಲೆ ಪ್ರತಿ ಏಳೂವರೆ ಸೆಕೆಂಡಿಗೆ ಒಂದು ಹೊಸ ಬಣ್ಣದ ಚಿತ್ರ. ಮಗುವಿನ ಕಣ್ಣು ಯಾವ ಗಳಿಗೆಯಲ್ಲಿ ಟಿವಿ ಬಿಟ್ಟು ಪಕ್ಕಕ್ಕೆ ಹೊರಳಿತು ಎಂದು ಬರೆದಿಟ್ಟುಕೊಳ್ಳುವುದು. 1969ರ ಪ್ರಯೋಗ ಕಂತುಗಳಲ್ಲಿ ಕಂಡದ್ದು ಇದು: ಗೊಂಬೆ ಬಂದಾಗ ಕಣ್ಣು ನೆಟ್ಟ ಮಕ್ಕಳು ಬೀದಿಯಲ್ಲಿ ಬರಿ ದೊಡ್ಡವರು ಮಾತಾಡುವ ದೃಶ್ಯ ಬಂದ ಕೂಡಲೇ ಬೇರೆಡೆ ನೋಡಿದರು. ನಿಜ ಮನುಷ್ಯರನ್ನೂ ಗೊಂಬೆಗಳನ್ನೂ ಬೆರೆಸಬೇಡಿ, ಮಕ್ಕಳಿಗೆ ಗೊಂದಲವಾದೀತು ಎಂದು ತಜ್ಞರು ಹೇಳಿದ್ದರು. ಆ ಸಲಹೆ ಬದಿಗಿಟ್ಟು ಬೀದಿಗೇ ದೊಡ್ಡ ಹಕ್ಕಿ ‘ಬಿಗ್ ಬರ್ಡ್’ ಗೊಂಬೆಯನ್ನು ಇಳಿಸಿದರು. ಪ್ಲಾಸಾದ ದೊಡ್ಡ ಗಿಳಿ ಅದೇ ಮನೆತನದ್ದು. ಇನ್ನೊಂದು ಕಂಡುಕೊಂಡದ್ದು ಮೌನದ ಬೆಲೆ. ನಟ ಜೇಮ್ಸ್ ಅರ್ಲ್ ಜೋನ್ಸ್ ಒಂದೊಂದೇ ಅಕ್ಷರ ಹೇಳಿ ನಡುನಡುವೆ ಉದ್ದಕ್ಕೆ ನಿಲ್ಲಿಸುತ್ತಿದ್ದ ತುಣುಕನ್ನು ಮೊದಲ ಸಲ ನೋಡಿದ ಮಕ್ಕಳು ಅವರ ನಂತರ ಹೇಳಿದರು, ಮತ್ತೆ ನೋಡಿದಾಗ ಅವರ ಜೊತೆಗೆ, ಇನ್ನಷ್ಟು ಸಲ ನೋಡಿದ ಮೇಲೆ ಅವರಿಗಿಂತ ಮೊದಲೇ. ಸಂಕಲನಕಾರರು ‘ಇಲ್ಲಿ ಖಾಲಿ ಇದೆ’ ಎಂದು ಕತ್ತರಿಸುವುದು ಈ ಖಾಲಿಯನ್ನೇ. ಚಿತ್ರಕಥೆಯಲ್ಲಿ ‘ಮಗು ಉತ್ತರಿಸುವ ಜಾಗ’ ಎಂದು ಬರೆದಿಡದಿದ್ದರೆ ಅದು ಉಳಿಯುವುದಿಲ್ಲ.

ಮೆಕ್ಸಿಕೋದಲ್ಲಿ ಮನಶ್ಶಾಸ್ತ್ರಜ್ಞ ರೊಹೇಲಿಯೊ ದೀಯಸ್-ಗೆರ್ರೇರೊ ಅವರ ತಂಡ ಕಲಿಕೆಯನ್ನು ಅಳೆಯಿತು. ಬಡ ಕುಟುಂಬಗಳ ಶಿಶುಪಾಲನಾ ಕೇಂದ್ರಗಳಲ್ಲಿ ನಡೆದ ಮೊದಲ ಅಧ್ಯಯನದಲ್ಲಿ ಕಾರ್ಯಕ್ರಮ ನೋಡಿದ ಮಕ್ಕಳು ನೋಡದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಆಮೇಲಿನ ದೊಡ್ಡ ಅಧ್ಯಯನದಲ್ಲಿ ವ್ಯತ್ಯಾಸ ಹೆಚ್ಚೇನೂ ಕಾಣಲಿಲ್ಲ. ಇಂಥ ಅಳತೆ ಕೈಕೊಡುವ ಮಾಮೂಲು ಕಾರಣ ಒಂದಿದೆ: ಕಾರ್ಯಕ್ರಮ ಊರಿಗೆಲ್ಲ ಪ್ರಸಾರವಾಗುತ್ತಿರುವಾಗ, ಹೋಲಿಕೆಗೆಂದು ‘ನೋಡದ ಗುಂಪಿ’ನಲ್ಲಿ ಇಟ್ಟ ಮಗು ಮನೆಗೆ ಹೋಗಿ ಅದನ್ನೇ ನೋಡುತ್ತದೆ. ಎಲ್ಲರೂ ಮೆಚ್ಚಿದರೆಂದೂ ಅಲ್ಲ. ಆಗ ಚಿಲಿಯಲ್ಲಿದ್ದ ಸಮಾಜಶಾಸ್ತ್ರಜ್ಞ ಆರ್ಮಾಂಡ್ ಮ್ಯಾಟೆಲಾರ್ 1973ರ ಹೊತ್ತಿಗೇ ಇದನ್ನು ಅಮೆರಿಕದ ಸಾಂಸ್ಕೃತಿಕ ಸಾಮ್ರಾಜ್ಯಶಾಹಿ ಎಂದು ಜರೆದರು. ಹೆಸರು, ಚೌಕ, ಗಿಳಿ ಬದಲಾದರೂ ಪಾಠದ ಅಚ್ಚು ನ್ಯೂಯಾರ್ಕಿನದೇ ಎಂಬ ಅವರ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2013ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ 15 ದೇಶಗಳ 24 ಅಧ್ಯಯನಗಳನ್ನು, 10,000ಕ್ಕೂ ಹೆಚ್ಚು ಮಕ್ಕಳನ್ನು ಒಟ್ಟು ಮಾಡಿ ನೋಡಿ, ಸಾಧಾರಣ ಮಟ್ಟದ ಆದರೆ ಖಚಿತವಾದ ಲಾಭವಿದೆ ಎಂದಿತು.

ಇನ್ನು ಕೈಕೆಲಸ. ನಮ್ಮ ತೊಗಲುಗೊಂಬೆ, ಸೂತ್ರದ ಗೊಂಬೆಗಳಲ್ಲಿ ಮುಖ ಅಲುಗದು. ಇಡೀ ಮೈ ಮಾತಾಡುತ್ತದೆ. ಈ ಟಿವಿ ಗೊಂಬೆಯಲ್ಲಿ ಬಾಯಿಯೇ ಎಲ್ಲ. ಒಳಗೆ ಸುಮಾರು 12 ಮಿಲಿಮೀಟರ್ ದಪ್ಪದ ಪಾಲಿಯುರಿಥೇನ್ ಫೋಮು, ಮೇಲೆ ಎಳೆದರೆ ಹಿಗ್ಗುವ, ನವಿರು ಕೂದಲಿರುವ ಫ್ಲೀಸ್ ಬಟ್ಟೆ. ಕೂದಲು ಹೊಲಿಗೆಯನ್ನು ಮುಚ್ಚುತ್ತದೆ. ಬಾಯೊಳಗೆ ಮಡಚುವ ಹಲಗೆ. ಅದು ಗಟ್ಟಿಯಾದರೆ ಹತ್ತು ನಿಮಿಷಕ್ಕೆ ಬೆರಳು ಸೋಲುತ್ತವೆ, ಮೆದುವಾದರೆ ತುಟಿ ಮಡಚಿಕೊಳ್ಳುತ್ತದೆ. ಫೋಮು ಶಾಶ್ವತವಲ್ಲ, ವರ್ಷಗಳು ಕಳೆದಂತೆ ಹಳದಿಯಾಗಿ ಪುಡಿಪುಡಿಯಾಗುತ್ತದೆ, ಆದ್ದರಿಂದ ಮುಖ್ಯ ಪಾತ್ರದ ಅಳತೆಗಳನ್ನು, ಬಟ್ಟೆಯ ಅಚ್ಚುಗಳನ್ನು ಮೊದಲ ದಿನವೇ ತೆಗೆದಿಡಬೇಕು. ಕಣ್ಣಿನ ಕರಿಗುಡ್ಡೆಗಳನ್ನು ನೇರ ಇಡಬೇಡಿ, ಮೂಗಿನ ಕಡೆಗೆ ತುಸು ಒಳಸರಿಸಿ. ನೇರ ಇಟ್ಟರೆ ಗೊಂಬೆ ಎಲ್ಲೋ ನೋಡುತ್ತಿರುವಂತೆ ಕಾಣುತ್ತದೆ. ಒಳಸರಿಸಿದರೆ ಮಗುವಿನ ಮುಖವನ್ನೇ ನೋಡುತ್ತದೆ. ಕೈಗಳಿಗೆ ಕಟ್ಟುವ ತಂತಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ದೀಪದ ಕೆಳಗೆ ಬರಿ ಉಕ್ಕು ಮಿಂಚುತ್ತದೆ.

ಆಡಿಸುವವರ ಬಲಗೈ ತಲೆಯೊಳಗೆ, ಎಡಗೈ ತಂತಿಯ ಮೇಲೆ. ಅದಕ್ಕೇ ಇಂಥ ಗೊಂಬೆಗಳಲ್ಲಿ ಹೆಚ್ಚಿನವು ಎಡಚ. ಆಡಿಸುವವರು ಗೊಂಬೆಯನ್ನು ನೋಡುವುದಿಲ್ಲ, ನೆಲದ ಮೇಲಿಟ್ಟ ಮಾನಿಟರನ್ನು ನೋಡುತ್ತಾರೆ. ಅದು ಕನ್ನಡಿಯಲ್ಲ. ನೀವು ಬಲಕ್ಕೆ ಸರಿದರೆ ಅದರಲ್ಲಿ ಗೊಂಬೆ ಎಡಕ್ಕೆ ಸರಿಯುತ್ತದೆ. ಹೊಸಬರು ಮೊದಲ ವಾರವೆಲ್ಲ ಗೊಂಬೆಯನ್ನು ಪರದೆಯ ಹೊರಗೆ ನಡೆಸುತ್ತಿರುತ್ತಾರೆ. ಅಕ್ಷರ ಬರೆಯುವಾಗ ಇದು ಇನ್ನೂ ಕಾಡುತ್ತದೆ. ಗೊಂಬೆ ಗಾಳಿಯಲ್ಲಿ ಅಕ್ಷರ ಗೀಚಿದರೆ ಎದುರಿನ ಮಗುವಿಗೆ ಅದು ತಿರುಗಿಮುರುಗಿ. ದೊಡ್ಡಕ್ಷರದ ಐದು ಸ್ವರಗಳಲ್ಲಿ ಎ, ಐ, ಒ, ಯು ನಾಲ್ಕೂ ಎಡಬಲ ಸಮ, ಬಚಾವು. ಇ ಒಂದೇ ಕೈಕೊಡುತ್ತದೆ. ಚಿಕ್ಕಕ್ಷರಕ್ಕೆ ಬಂದರೆ ಬಿ ಬರೆದದ್ದು ಡಿ ಆಗಿ ಕಾಣುತ್ತದೆ. ಮಾನಿಟರಿನಲ್ಲಿ ಸರಿ ಕಾಣುವಂತೆ, ಅಂದರೆ ನಿಮ್ಮ ಕೈಗೆ ಉಲ್ಟಾ ಅನ್ನಿಸುವಂತೆ ಬರೆಯಬೇಕು.

ದೊಡ್ಡ ಹಕ್ಕಿಯ ಕಷ್ಟ ಬೇರೆ. ಅಮೆರಿಕದ ಬಿಗ್ ಬರ್ಡ್ 8 ಅಡಿ 2 ಅಂಗುಲ. ಒಳಗಿನವರ ಬಲಗೈ ತಲೆಯ ಮೇಲೆ ನೆಟ್ಟಗೆ ಎತ್ತಿ ಹಕ್ಕಿಯ ಕೊಕ್ಕನ್ನು ಹಿಡಿದಿರುತ್ತದೆ, ಎಡಗೈ ಎಡ ರೆಕ್ಕೆಯಲ್ಲಿ. ಬಲ ರೆಕ್ಕೆಗೆ ಕೈಯೇ ಇಲ್ಲ. ಮೀನಿನ ಗಾಳದ ದಾರದಿಂದ ಎಡಗೈಗೆ ಕಟ್ಟಿರುತ್ತದೆ, ಒಂದು ಇಳಿದರೆ ಇನ್ನೊಂದು ಏಳುತ್ತದೆ. ಎದೆಗೆ ಕಟ್ಟಿದ ಪುಟ್ಟ ಮಾನಿಟರ್ ಬಿಟ್ಟರೆ ಹೊರಗಿನದು ಕಾಣಿಸದು. ಎತ್ತಿದ ಕೈಯಲ್ಲಿ ರಕ್ತ ಇಳಿಯುವುದರಿಂದ ದೃಶ್ಯ ಉದ್ದವಾಗುವಂತಿಲ್ಲ. ಸಣ್ಣ ಗೊಂಬೆಯಲ್ಲೂ ಇದೇ ಗತಿ: ಕೈ ಸೋತಂತೆ ಗೊಂಬೆ ಮೆಲ್ಲಗೆ ಮುಳುಗುತ್ತದೆ, ದೃಶ್ಯದ ಕೊನೆಗೆ ಗಲ್ಲ ಮೇಜಿಗೆ ತಾಗಿರುತ್ತದೆ. ಮಾನಿಟರಿನ ಗಾಜಿಗೆ ಒಂದು ಪಟ್ಟಿ ಅಂಟಿಸಿ ‘ಸೊಂಟ ಇಲ್ಲಿ’ ಎಂದು ಗುರುತಿಡಿ.

ಕಡೆಗೆ ಬಾಯಿ. ಮಾತಾಡುವಾಗ ಮನುಷ್ಯರ ಕೆಳದವಡೆ ಇಳಿಯುತ್ತದೆ, ತಲೆ ಮೇಲೇಳುವುದಿಲ್ಲ. ಹಾಗಾಗಿ ನಾಲ್ಕು ಬೆರಳು ಅಲುಗಬಾರದು, ಹೆಬ್ಬೆರಳು ಇಳಿಯಬೇಕು. ಹೊಸಬರು ಬೆರಳೆತ್ತುತ್ತಾರೆ, ಗೊಂಬೆ ಮಾತುಮಾತಿಗೂ ಸೂರು ನೋಡುತ್ತದೆ. ಎರಡನೆಯ ತಪ್ಪು, ಉಚ್ಚಾರಾಂಶ ಬರುವಾಗ ಬಾಯಿ ಮುಚ್ಚುವುದು. ಗೊಂಬೆ ಪದವನ್ನು ಕಚ್ಚಿ ತಿಂದಂತೆ ಕಾಣುತ್ತದೆ. ಸದ್ದು ಹೊರಟಾಗ ತೆರೆಯಬೇಕು. ‘ಅ’ಗೆ ಪೂರ್ತಿ, ‘ಎ’, ‘ಒ’ಗಳಿಗೆ ಅರ್ಧ, ‘ಇ’, ‘ಉ’ಗಳಿಗೆ ಬಿರುಕು ಬಿಟ್ಟಷ್ಟೇ. ‘ಕ್ವಾತ್ರೊ’ದಲ್ಲಿ ‘ಕ್ವಾ’ ಒಂದೇ ಸಲ. ಅದನ್ನು ‘ಕು-ಆ-ತ್ರೊ’ ಎಂದು ಮೂರು ಮಾಡಿದರೆ ಹೆಬ್ಬೆರಳು ತಡವಾಗಿ ಮುಂದಿನ ಪದಕ್ಕೆ ಸಿಕ್ಕಿಕೊಳ್ಳುತ್ತದೆ. ಇಂಗ್ಲಿಷ್ ಒತ್ತಿಲ್ಲದ ಸ್ವರಗಳನ್ನು ನುಂಗುತ್ತದೆ, ಅದನ್ನು ಆಡಿಸುವವರು ಅಲ್ಲಿ ಕೈ ಉಳಿಸಿಕೊಳ್ಳಬಹುದು. ಸ್ಪ್ಯಾನಿಷ್ ನುಂಗುವುದಿಲ್ಲ, ಕನ್ನಡವೂ ನುಂಗುವುದಿಲ್ಲ. ಗಟ್ಟಿಯಾಗಿ ಓದಿಸಿ ಅಳೆದಾಗ ಇಂಗ್ಲಿಷ್ ಸೆಕೆಂಡಿಗೆ ಸರಾಸರಿ 6.19 ಉಚ್ಚಾರಾಂಶ, ಸ್ಪ್ಯಾನಿಷ್ 7.82. ಆ ವೇಗಕ್ಕೆ ಯಾವ ಹೆಬ್ಬೆರಳೂ ಪೂರ್ತಿ ತೆರೆದು ಮುಚ್ಚದು. ಒತ್ತಿರುವಲ್ಲಿ ಪೂರ್ತಿ ತೆರೆದು ಉಳಿದೆಡೆ ಮಿಡುಕಿಸುವುದು ಒಂದು ದಾರಿ. ಗೊಂಬೆಯನ್ನೇ ನಿಧಾನ ಮಾತಾಡುವ ಸ್ವಭಾವದ್ದಾಗಿ ಬರೆಯುವುದು ಇನ್ನೊಂದು. ಮೂರು ವರ್ಷದವರಿಗೆ ಅದೇ ಬೇಕಾದದ್ದೂ.

ದನಿ ಹಚ್ಚುವಾಗ 11 ತೆರೆತಕ್ಕೆ 16 ಉಚ್ಚಾರಾಂಶ ಕೂರಿಸಲು ಪದ ಕಡಿಮೆ ಮಾಡಬಹುದು, ಗೊಂಬೆ ಬೆನ್ನು ತಿರುಗಿಸಿದ ಹೊತ್ತಿನಲ್ಲಿ ಒಂದೆರಡನ್ನು ತುರುಕಬಹುದು. ಎಣಿಕೆಯ ದೃಶ್ಯದಲ್ಲಿ ಎರಡೂ ಆಗದು, ಸಂಖ್ಯೆ ಬಿಡುವಂತಿಲ್ಲವಲ್ಲ. ಅದನ್ನು ಹೊಸದಾಗಿಯೇ ಚಿತ್ರೀಕರಿಸಬೇಕು.

ಚಹಾ ಬರುವವರೆಗೆ ಒಂದು ಕೆಲಸ ಮಾಡೋಣ. ಮೇಜಿನ ಮೇಲಿರುವ ಕಾಲುಚೀಲ ಒಂದೊಂದು ತೆಗೆದುಕೊಳ್ಳಿ, ಬಲಗೈಗೆ ಹಾಕಿ. ಒಂದು, ಎರಡು, ಮೂರು ಎಂದು ಹತ್ತರವರೆಗೆ ಕನ್ನಡದಲ್ಲಿ ಎಣಿಸಿ. ‘ಎರಡು’, ‘ಒಂಬತ್ತು’ ಮೂರು ಮೂರು, ಉಳಿದ ಎಂಟೂ ಎರಡೆರಡು. ಹೆಬ್ಬೆರಳು 22 ಸಲ ಇಳಿಯಬೇಕು. ಪಕ್ಕದವರು ಲೆಕ್ಕ ಇಡಲಿ.